ಯಜಮಾನರ ಮೊದಲ ಎಡೆ

ನನ್ನ ಮಗ ಮೈಸೂರಿಗೆ ಬಂದಿದ್ದಾನೆ ಎಂದು ನನಗೆ ಹೇಳಿದವಳು ಎದುರುಮನೆಯ ರಮಾಮಣಿ. ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಬೀರಮ್ಮಾ, ಇವ್ರು ನಿಮ್ಮ ಯೋಗೇಂದ್ರ ಅಲ್ವೇನ್ರೀ?" ಎಂದಳು. ನೋಡಿದೆ, ಯಾವುದೋ ಸುದ್ದಿಯ ವಿಡಿಯೋ. ಮಂಡಕಳ್ಳಿಯ ವಿಮಾನ ನಿಲ್ದಾಣ. ಬೂದು ಬಣ್ಣದ ಮಿಲಿಟರಿ ಸರಕು ವಿಮಾನವೊಂದು ಹಿಂಬದಿಯ ಬಾಗಿಲನ್ನು ನೆಲದವರೆಗೆ ಇಳಿಸಿಕೊಂಡು ನಿಂತಿದೆ. ಆ ಬಾಗಿಲಲ್ಲಿ ಕಿವಿಗೆ ದೊಡ್ಡ ಮುಚ್ಚಳ ಹಾಕಿಕೊಂಡು, ಲಾರಿಯವನಿಗೆ ಹಿಂದಕ್ಕೆ ಬಾ, ಹಿಂದಕ್ಕೆ ಬಾ ಎಂದು ಕೈಸನ್ನೆ ಮಾಡುತ್ತಿದ್ದವನು ನನ್ನ ಮಗನೇ. ರಾಜೀವನಗರದ ನಮ್ಮ ಮನೆಯಿಂದ ಆಟೋ ಹತ್ತಿದರೆ ಎಷ್ಟು ದೂರ? ಬಂದು ಆಗಲೇ ಮೂರು ದಿನವಾಗಿತ್ತಂತೆ.

ಫೋನು ಮಾಡಿದೆ. ಸಂಜೆ ಎತ್ತಿದ.

"ಬಂದಿದ್ದೀಯಂತಲ್ಲ."

"ಅವ್ವಾ... ಹೇಳಂಗಿಲ್ಲ ಕಣವ್ವ. ಎಲ್ಲಿಗೆ ಹೋಯ್ತೀವಿ, ಎಲ್ಲಿ ಇಳೀತೀವಿ ಅಂತ ಮನೆಯೋರ್ಗೂ ಹೇಳಂಗಿಲ್ಲ."

"ರಮಾಮಣಿಗೆ ಹೇಳ್ಬೋದಾ?"

"ನಾನೆಲ್ಲಿ ಅವ್ರಿಗೆ ಹೇಳ್ದೆ?"

"ಊರೆಲ್ಲ ನೋಡ್ತಾ ಅದೆ ಕಣೋ. ಹೆತ್ತೋಳು ಒಬ್ಳು ನೋಡ್ಬಾರ್ದು!"

ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದ ಸೊಸೆ ಸುಚಿತ್ರಾ ತಲೆಯನ್ನೇ ಎತ್ತಲಿಲ್ಲ. ಅವಳಿಗೂ ಅವನು ಹೇಳಿರಲಿಲ್ಲ. ಆದರೆ ಅವಳು ಇಂಥದ್ದನ್ನೆಲ್ಲ ನುಂಗಿ ನುಂಗಿ ಅಭ್ಯಾಸವಾದವಳು. ನನಗೆ ನುಂಗುವುದು ಸಾಕಾಗಿತ್ತು.

ಸಮುದ್ರದಲ್ಲಿ ಚಂಡಮಾರುತ ಎದ್ದು ದೂರದ ದ್ವೀಪಗಳನ್ನು ಹೊಡೆದುಹಾಕಿತ್ತು. ಕರಾವಳಿಯ ನಿಲ್ದಾಣಗಳಿಗೆ ನೀರು ನುಗ್ಗಿದ್ದರಿಂದ ಅಕ್ಕಿ, ಔಷಧಿ, ಟಾರ್ಪಾಲುಗಳೆಲ್ಲ ಮೈಸೂರಿನಿಂದ ಹಾರುತ್ತಿದ್ದವು. ನನ್ನ ಮಗ ಆ ವಿಮಾನದ ಲೋಡ್‌ಮಾಸ್ಟರು. ಸಾಮಾನು ಹತ್ತಿಸುವುದು, ಕಟ್ಟುವುದು, ಇಳಿಸುವುದು, ಎಲ್ಲ ಅವನ ಲೆಕ್ಕ. ಊರಿನಲ್ಲಿದ್ದಾಗ ನಮ್ಮ ಯಜಮಾನರು ಗಾಡಿಗೆ ಮೂಟೆ ಹೇರಿ, ನೊಗ ಕಟ್ಟುವ ಮೂಕಿಯನ್ನು ಎತ್ತಿ ನೋಡಿ, "ಹಿಂಭಾರ ಆಯ್ತು, ಎರಡು ಮೂಟೆ ಮುಂದಕ್ ತಳ್ರೋ" ಎನ್ನುತ್ತಿದ್ದರು. ಅದೇ ಕೆಲಸವನ್ನು ಇವನು ಆಕಾಶದಲ್ಲಿ ಮಾಡುತ್ತಾನೆ.

ಮಾರನೆಯ ದಿನ ಬೆಳಗ್ಗೆಯೇ ನಿಲ್ದಾಣದ ಗೇಟಿನ ಮುಂದೆ ಹೋಗಿ ನಿಂತೆ. ಅವನ ಕ್ಯಾಪ್ಟನ್ನು, ರಾಹುಲ್ ಎಂದು ಹೆಸರು, ಉತ್ತರದ ಕಡೆಯವನು, ಅನುಮತಿ ಕೊಡಿಸಿ ಒಳಗೆ ಕರೆಸಿಕೊಂಡ. "ನಮಸ್ತೇ ಮಾತಾಜಿ" ಎಂದು ಬಗ್ಗಿ ಕಾಲು ಮುಟ್ಟಿದ. ನಾನು ಆಶೀರ್ವಾದ ಮಾಡಲಿಲ್ಲ. ಅದಕ್ಕೆ ಕಾರಣವಿತ್ತು, ಹೇಳುತ್ತೇನೆ.

ವಿಮಾನದ ಹೊಟ್ಟೆಯೊಳಗೆ ಕಾಲಿಟ್ಟರೆ ಸೀಮೆಎಣ್ಣೆಯ ವಾಸನೆ, ಈರುಳ್ಳಿಯ ವಾಸನೆ, ಅದರ ಮೇಲೆ ಫಿನಾಯಿಲು. ಎರಡೂ ಕಡೆ ಮಡಚುವ ಬಟ್ಟೆಯ ಬೆಂಚು. ನೆಲದ ತುಂಬ ಕೊಂಡಿಗಳು, ಕೊಂಡಿಗಳಿಗೆ ಸರಪಳಿಗಳು. ಕಿಟಕಿಗಳೋ, ನಮ್ಮ ಮುದ್ದೆ ತಟ್ಟೆಯಷ್ಟು. ಯೋಗೇಂದ್ರ ಜೋರಾಗಿ ಕಿರುಚಿಕೊಂಡೇ ಮಾತಾಡುತ್ತಿದ್ದ. ಇಂಜಿನ್ನು ನಿಂತಿದ್ದರೂ ಅವನ ಕಿವಿಯೊಳಗೆ ಅದು ನಿಂತಿರುವುದಿಲ್ಲವಂತೆ.

"ಎಷ್ಟೊತ್ಗೆ ಏಳ್ತೀಯೋ?"

"ಕೋಳಿಗಿಂತ ಮುಂಚೆ. ಎದ್ದು ಮೊದ್ಲು ಮೋಡ ಎಂಗದೆ ಅಂತ ಕೇಳ್ಬೇಕು. ಅಲ್ಲಿ ಮಳೆ ಅಂದ್ರೆ ಇಲ್ಲೇ ರೆಕ್ಕೆ ಕೆಳ್ಗೆ ಕೂತು ಇಸ್ಪೀಟು. ಮಳೆ ನಿಂತ್ರೆ ಓಡು, ಹೇರು, ಕಟ್ಟು, ಹಾರು. ಅಲ್ಲಿ ಇಳಿಸು. ಬರುವಾಗ ಕಾಯಿಲೆಯೋರು, ಬಸುರೀರು, ಮುದುಕ್ರು. ವಿಮಾನ ಕುಲುಕಿದ್ರೆ ಎಲ್ರೂ ವಾಂತಿ."

"ಅದನ್ನ ಯಾರು ತೊಳೀತಾರೆ?"

"ಇನ್ಯಾರು? ನಾನೇ."

ಮನೆಯಲ್ಲಿ ತಾನು ಉಂಡ ತಟ್ಟೆಯನ್ನು ಎತ್ತಿದವನಲ್ಲ ಇವನು. ಸುಚಿತ್ರಾಳಿಗೆ ಹೇಳಿದರೆ ನಂಬುವುದಿಲ್ಲ ಎಂದುಕೊಂಡೆ. ನಗು ಬಂತು. ಆ ಖುಷಿಯಲ್ಲೇ ಸೆರಗಿನಡಿಯಿಂದ ಕೋಡುಬಳೆಯ ಡಬ್ಬಿ ತೆಗೆದು ಕೊಟ್ಟೆ. ಅವನು ಮುಚ್ಚಳ ತೆಗೆದು ಮೂಸಿದ, ಮತ್ತೆ ಮುಚ್ಚಿ ನನ್ನ ಕೈಗೇ ಇಟ್ಟ.

"ತಿನ್ನಂಗಿಲ್ಲ ಅವ್ವ. ಹಾರೋರು ಹೊರಗಿನ ಊಟ ಮುಟ್ಟಂಗಿಲ್ಲ. ನಮ್ ಕ್ಯಾಪ್ಟನ್ನು ಪೂರಿ ತಿಂದ್ರೆ ಪಕ್ಕದಲ್ಲಿ ಓಡ್ಸೋರು ಇಡ್ಲಿ ತಿನ್ಬೇಕು. ಇಬ್ರಿಗೂ ಒಟ್ಟಿಗೆ ಹೊಟ್ಟೆ ಕೆಟ್ರೆ ಇಳಿಸೋರು ಯಾರು?"

"ಹೊರಗಿಂದಾ? ನಾನು ಹೊರಗಿನೋಳಾ?"

"ಅಂಗಲ್ಲ ಕಣವ್ವ..."

"ಎಂಗೋ ಮತ್ತೆ?"

ಅವನು ಒಂದು ಮಾತು ಕೊಟ್ಟ. ಅಮಾವಾಸ್ಯೆಯ ದಿನ ಮಧ್ಯಾಹ್ನದ ಮೇಲೆ ವಿಮಾನಕ್ಕೆ ರಿಪೇರಿ ಇದೆ, ಸಾಹೇಬರು ಬಿಡುತ್ತೇನೆ ಎಂದಿದ್ದಾರೆ, ಬಂದೇ ಬರುತ್ತೇನೆ, ಅಪ್ಪನಿಗೆ ನಾನೇ ಧೂಪ ಹಾಕುತ್ತೇನೆ ಎಂದ. ನಾನು ಕೇಳಿರಲಿಲ್ಲ. ತಾನಾಗಿ ಹೇಳಿದ. ನನ್ನ ತಲೆ ಮುಟ್ಟಿ ಹೇಳಿದ.

ಅಮಾವಾಸ್ಯೆ ಎಂದರೆ ಮಾರ್ಲಮಿ, ಹಿರಿಯರ ಹಬ್ಬ. ನಮ್ಮ ಕಡೆ ಸತ್ತವರಿಗೆ ಮೊದಲ ಮಾರ್ಲಮಿ ಬಹಳ ದೊಡ್ಡದು. ಅವರಿಗೆ ಇಷ್ಟವಾದ ಅಡುಗೆಯನ್ನೆಲ್ಲ ಮಾಡಿ ಎಲೆಯ ಮೇಲೆ ಎಡೆ ಇಟ್ಟು, ಹೊಸ ಪಂಚೆ ಇಟ್ಟು, ಹಿರಿಯ ಮಗ ಕೆಂಡದ ಮೇಲೆ ಸಾಂಬ್ರಾಣಿ ಧೂಪ ಹಾಕಿ ಹೆಸರು ಹಿಡಿದು ಕರೆಯಬೇಕು. ಆಮೇಲೆ ಬಾಗಿಲು ಮುಚ್ಚಿ ಎಲ್ಲರೂ ಬೀದಿಗೆ ಬಂದು ನಿಲ್ಲಬೇಕು, ಅವರು ಬಂದು ಉಣ್ಣಲಿ ಎಂದು. ಅಂದಿನಿಂದ ಅವರು ಹಿರಿಯರ ಸಾಲಿಗೆ ಸೇರಿದರು. ಕರೆಯದಿದ್ದರೆ ಇನ್ನೊಂದು ವರ್ಷ ಹೊಸಿಲಾಚೆಯೇ ನಿಂತಿರುತ್ತಾರೆ.

ನಮ್ಮ ಯಜಮಾನರು ತೀರಿಕೊಂಡದ್ದು ಹೋದ ಕಾರ್ತೀಕದಲ್ಲಿ. ಯೋಗೇಂದ್ರ ಆಗ ಉತ್ತರದ ಬೆಟ್ಟಗಳಿಗೆ ತರಕಾರಿ, ಸೀಮೆಎಣ್ಣೆ, ಸಿಪಾಯಿಗಳನ್ನು ಹೊತ್ತು ಹಾರುತ್ತಿದ್ದ. ಬೆಳಗ್ಗೆ ಅವರ ಉಸಿರು ನಿಂತ ಕೂಡಲೇ ನನ್ನ ಮೈದುನ ಸಣ್ಣಯ್ಯನ ಮಗ ಪುನೀತ್ ಅಲ್ಲಿಗೆ ಫೋನು ಮಾಡಿ ಹೇಳಿದ. ಸುದ್ದಿ ಈ ರಾಹುಲನ ಕೈಗೆ ಸಿಕ್ಕಿತು. ಆತ ಅದನ್ನು ಬಾಯಲ್ಲೇ ಇಟ್ಟುಕೊಂಡು ನನ್ನ ಮಗನನ್ನು ಕರೆದುಕೊಂಡು ಹಾರಿದ, ವಾಪಸು ಬಂದ, ಮತ್ತೊಂದು ಸಲ ಹಾರಿದ. ಸಂಜೆ ಇಳಿದ ಮೇಲೆ ಹೆಗಲ ಮೇಲೆ ಕೈಯಿಟ್ಟು ಹೇಳಿದನಂತೆ. ಹಾರುವವರಿಗೆ ಹಾರುವ ಮುಂಚೆ ಕೆಟ್ಟ ಸುದ್ದಿ ಹೇಳುವುದಿಲ್ಲ, ಅದು ಅವರಲ್ಲಿ ರೂಢಿ. ಬೆಳಗ್ಗೆಯೇ ಹೇಳಿದ್ದರೆ ಮಧ್ಯಾಹ್ನದ ವಿಮಾನ ಸಿಗುತ್ತಿತ್ತು. ಮಾರನೆಯ ದಿನ ಅಲ್ಲಿ ಮಂಜು ಕವಿದು ಏನೂ ಹಾರಲಿಲ್ಲ. ಐಸಿನ ಪೆಟ್ಟಿಗೆಯ ಮುಂದೆ ಕೂತು ಕಾದೆ. ಕೊನೆಗೆ ಪುನೀತನ ಕೈಯಲ್ಲಿ ಮಣ್ಣು ಹಾಕಿಸಿದರು. ಅವತ್ತಿನಿಂದ ಸಣ್ಣಯ್ಯ ಸಿಕ್ಕವರಿಗೆಲ್ಲ, "ನಮ್ಮಣ್ಣ ಹುಚ್ಚಯ್ಯಂಗೆ ಮಗ ಅಂದ್ರೆ ನನ್ ಮಗನೇಯ" ಎಂದು ಹೇಳಿಕೊಂಡು ತಿರುಗುತ್ತಾನೆ.

ಅಮಾವಾಸ್ಯೆ ಬಂತು. ನಾನೂ ಸುಚಿತ್ರಾಳೂ ಬೆಳಗಿನಿಂದ ಒಲೆಯ ಮುಂದೆ. ಕುರಿ ಸಾರು, ಮುದ್ದೆ, ಒತ್ತು ಶಾವಿಗೆ, ಕಾಯಿಹಾಲು, ಕಜ್ಜಾಯ, ಅವರಿಗೆ ಬೇಕೇ ಬೇಕಾಗಿದ್ದ ಎಲೆ ಅಡಿಕೆ, ಒಂದು ಕಟ್ಟು ಬೀಡಿ. ಸಣ್ಣಯ್ಯ ಮಧ್ಯಾಹ್ನವೇ ಬಂದು ಜಗುಲಿಯ ಮೇಲೆ ಕೂತ. ಜೊತೆಗೆ ಪುನೀತ್, ಆಗಲೇ ಸ್ನಾನ ಮಾಡಿ ಹೊಸ ಟವೆಲು ಹೆಗಲ ಮೇಲೆ ಹಾಕಿಕೊಂಡು ಸಿದ್ಧವಾಗಿದ್ದ.

"ಯಾಕ್ಲಾ ಟವಲ್ಲು?" ಎಂದೆ.

ಅವನು ಅಪ್ಪನ ಮುಖ ನೋಡಿದ. ಸಣ್ಣಯ್ಯ ಎಲೆ ಅಡಿಕೆ ಒಂದು ದವಡೆಗೆ ಸರಿಸಿ, "ಇರ್ಲಿ ಬುಡಿ ಅತ್ತಿಗ್ಯವ್ವ. ಅವ್ನು ಮಿಲಿಟ್ರಿಯೋನು. ಬಂದ್ರೆ ಬಂದ, ಇಲ್ದೆ ಇದ್ರೆ ಇಲ್ಲ" ಎಂದ.

"ಬತ್ತಾನೆ."

"ಬರ್ಲಿ, ಬ್ಯಾಡ ಅಂದೋರ್ಯಾರು?"

ಬಿಸಿಲು ಎದುರುಮನೆಯ ಗೋಡೆ ಹತ್ತಿತು. ಆಗ ಫೋನು ಬಂತು. ಹಿಂದೆ ಲಾರಿಯ ಸದ್ದು, ಯಾರೋ ಕೂಗುವ ಸದ್ದು.

"ಅವ್ವಾ, ಆಗಲ್ಲ ಕಣವ್ವ. ರಿಪೇರಿ ಬೇಗ ಮುಗೀತು. ಅಲ್ಲಿ ಆಸ್ಪತ್ರೆಗೆ ದೊಡ್ಡ ಜನರೇಟರ್ ಬೇಕಂತೆ. ಮೋಡ ಬಿಟ್ಟದೆ, ಮತ್ತೆ ಕವಿಯೋದ್ರೊಳ್ಗೆ ಇಳೀಬೇಕು. ಈಗ ಹೇರ್ತಾ ಇದ್ದೀವಿ."

ಫೋನಿಟ್ಟೆ. ನನ್ನ ಮುಖ ನೋಡಿದ್ದೇ ಸಣ್ಣಯ್ಯ ಎದ್ದು ನಿಂತು ಪಂಚೆ ಸರಿ ಮಾಡಿಕೊಂಡ. "ಪುನೀತಾ, ಕೈಕಾಲು ತೊಳ್ಕೊಳ್ಲಾ" ಎಂದ. ಆ ದನಿಯಲ್ಲಿದ್ದ ಸಂತೋಷ ನನ್ನ ಕಿವಿಗೆ ಕಾದ ಎಣ್ಣೆಯಂತೆ ಬಿತ್ತು.

"ಕೂತ್ಕೋ ಸಣ್ಣಯ್ಯ. ಹೊತ್ತು ಮುಳುಗಿಲ್ಲ ಇನ್ನೂವೆ."

ಸಾರು, ಮುದ್ದೆಯನ್ನು ಕ್ಯಾರಿಯರಿಗೆ ತುಂಬಿದೆ. ಹೊಸ ಪಂಚೆ, ಬಾಳೆಲೆ, ಧೂಪದ ಬಟ್ಟಲು, ಇದ್ದಲು, ಸಾಂಬ್ರಾಣಿ, ಎಲ್ಲವನ್ನೂ ಬುಟ್ಟಿಯಲ್ಲಿಟ್ಟು ನಮ್ಮ ಬೀದಿಯ ಆಟೋ ಸುನಿಲನನ್ನು ಕೂಗಿದೆ. ಯೋಗೇಂದ್ರ ಬರಲಾಗದಿದ್ದರೆ ಅವನಪ್ಪನನ್ನೇ ಅವನ ಬಳಿಗೆ ಕರೆದೊಯ್ಯುತ್ತೇನೆ. ಗೇಟಿನ ಮುಂದೆ ಒಂದು ಗಳಿಗೆ ಬಂದು ಧೂಪ ಹಾಕಲು ಎಷ್ಟು ಹೊತ್ತು ಬೇಕು? ನನ್ನ ಬುದ್ಧಿಗೆ ಆಗ ತೋಚಿದ್ದು ಅಷ್ಟೇ.

"ಓಡ್ಸಪ್ಪ" ಎಂದೆ.

"ರಿಂಗ್ ರೋಡ್ನಲ್ಲಿ ಹೋಗ್ಲಾ ಅವ್ವ?"

"ಯಾವ್ದ್ರಲ್ಲಾದ್ರೂ ಹೋಗು, ಹಾರ್ಕೊಂಡು ಹೋಗು!"

ಗೇಟಿನ ಪಕ್ಕದ ಮರದಡಿ ಬಾಳೆಲೆ ಹಾಸಿ, ಕಲ್ಲು ಜೋಡಿಸಿ ಇದ್ದಲು ಇಟ್ಟೆ. ಬೆಂಕಿಪೊಟ್ಟಣ ಕೈಗೆ ತೆಗೆದುಕೊಂಡೆನೋ ಇಲ್ಲವೋ, ಕಾವಲಿನವನು ಓಡಿಬಂದ. "ಅಜ್ಜೀ, ಬೆಂಕಿ ಹಚ್ಚಂಗಿಲ್ಲ! ವಿಮಾನದ ಎಣ್ಣೆ ಲಾರಿ ಇದೇ ಗೇಟಲ್ಲಿ ಹೋಗೋದು. ನನ್ ಕೆಲ್ಸ ಹೋಗ್ತದೆ." ನಾನು ದಾರಿಯಲ್ಲೇ ಫೋನು ಮಾಡಿದ್ದರಿಂದ ಅವನ ಹಿಂದೆಯೇ ಯೋಗೇಂದ್ರ ಬಂದ. ಕೈತುಂಬ ಗ್ರೀಸು, ಬೆವರಿಗೆ ಮೈಗಂಟಿದ ಬಟ್ಟೆ. ಬಾಳೆಲೆ ನೋಡಿದ, ನನ್ನನ್ನು ನೋಡಿದ.

"ಏನವ್ವ ಇದು?"

"ನಿಮ್ಮಪ್ಪ."

ಅವನು ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಒಂದು ಗಳಿಗೆ ನನಗೆ ಆಸೆ ಹುಟ್ಟಿತು.

"ಬೆಂಕಿ ಬ್ಯಾಡ ಅಂತಾನೆ. ಆ ರಸ್ತೆ ಆಚೆ ಹೋಗಮ, ಅಲ್ಲಿ ಹಚ್ಚು. ಆಮೇಲೆ ಎಡೆ ಊಟ ಒಂದು ತುತ್ತು ಬಾಯಿಗಾಕ್ಕೊಂಡು ಹೋಗು."

"ಆಗಲ್ಲ ಅವ್ವ. ಅಲ್ಲಿ ಜನರೇಟರ್ ಅರ್ಧ ಕಟ್ಟಿ ಬಿಟ್ಟು ಬಂದಿದ್ದೀನಿ. ತುತ್ತು ಅಂತೂ ಮುಟ್ಟಂಗಿಲ್ಲ, ನಿಂಗೆ ಗೊತ್ತು."

"ನಿಮ್ಮಪ್ಪನ ಎಡೆ ಕಣೋ ಅದು! ವಿಷ ಅಲ್ಲ!"

"ನಾನಿಲ್ದೆ ಇದ್ರೆ ಆ ವಿಮಾನ ಏಳಲ್ಲ ಅವ್ವ!"

"ನೀನಿಲ್ದೆ ಇದ್ರೆ ನಿಮ್ಮಪ್ಪಾನೂ ಏಳಲ್ಲ!"

ನಮ್ಮ ಕೂಗಾಟ ಕೇಳಿ ಕ್ಯಾಪ್ಟನ್ ರಾಹುಲನೇ ಬಂದ. ಕೈ ಮುಗಿದು ಏನೋ ಹಿಂದಿಯಲ್ಲಿ ಕೇಳಿದ. ನಾನು ಅವನ ಕಡೆ ಬೆರಳು ತೋರಿಸಿ, "ಇವ್ನು! ಇವ್ನೇ ಅಲ್ವಾ ಅವತ್ತು ಸುದ್ದಿ ಮುಚ್ಚಿಟ್ಟೋನು? ಕೇಳು ಅವನ್ನ, ಅವ್ನಿಗೆ ಅಪ್ಪ ಅನ್ನೋನು ಇದ್ದಾನಾ ಅಂತ ಕೇಳು. ಅವನಪ್ಪ ಸತ್ತಾಗ ಇಂಗೇ ಯಾರಾದ್ರೂ ಬಾಯಿ ಮುಚ್ಕೊಂಡಿರ್ಲಿ, ಆವಾಗ ಗೊತ್ತಾಯ್ತದೆ ಅಂತ ಹೇಳು!" ಎಂದೆ.

ಯೋಗೇಂದ್ರ ಅವನ ಕಡೆ ತಿರುಗಿ ಹಿಂದಿಯಲ್ಲಿ ನಾಲ್ಕೇ ಮಾತು ಹೇಳಿದ.

"ನಾನು ಅಷ್ಟು ಬೈದ್ನಲ್ಲೋ, ನೀನು ಇಷ್ಟೇ ಹೇಳ್ದೆ?"

"ನಿಮ್ಮ ಅಪ್ಪ ಅಮ್ಮ ಚೆನ್ನಾಗಿರ್ಲಿ ಅಂದ್ರು ಅಂತ ಹೇಳ್ದೆ."

ರಾಹುಲನಿಗೆ ಭಾಷೆ ಬಾರದಿದ್ದರೂ ಮುಖ ಓದಲು ಬರುತ್ತಿತ್ತು. ಅವನು ಎಲೆಯ ಕಡೆ ನೋಡಿ ಟೋಪಿ ತೆಗೆದ, ಯೋಗೇಂದ್ರನಿಗೆ ಕೈಗಡಿಯಾರ ತೋರಿಸಿ ಹಿಂದಕ್ಕೆ ಹೋದ. ಅವನು ಆಚೆ ಹೋದದ್ದೇ ನನ್ನ ಮಗ ದನಿ ತಗ್ಗಿಸಿದ.

"ಅವರನ್ನ ಬೈಬ್ಯಾಡ ಅವ್ವ. ಒಂದು ವರ್ಸ ನಾನೂ ಅವರ ಮೇಲೆ ಹಲ್ಲು ಕಡ್ದೆ. ಆದ್ರೆ ಈಗ ನಾನಾದ್ರೂ ಅಂಗೇ ಮಾಡ್ತಿದ್ದೆ."

"ಏನಂದೆ?"

"ಮಾಡ್ತಿದ್ದೆ ಏನು, ಮಾಡಿದ್ದೀನಿ. ಹೋದ ತಿಂಗ್ಳು ನಮ್ ಇಂಜಿನಿಯರ್ ಮಗಳು ಮಹಡಿಯಿಂದ ಬಿದ್ಲು. ಅವನ ಹೆಂಡ್ತಿ ಫೋನು ನಂಗೆ ಬಂತು. ನಾನು ಅವನಿಗೆ ಇಳಿಯೋವರ್ಗೂ ಹೇಳ್ಲಿಲ್ಲ. ಪಕ್ಕದಲ್ಲೇ ಕೂತು ಚಾ ಕುಡ್ದೆ."

"ಆ ಮಗೀಗೆ ಏನಾಯ್ತು?"

"ಕೈ ಮುರೀತು. ಚೆನ್ನಾಗವಳೆ ಈಗ."

"ಸತ್ತೋಗಿದ್ರೆ?"

ಅವನು ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಆಗ್ಲೂ ಹೇಳ್ತಿರ್ಲಿಲ್ಲ. ಹೇಳಿದ್ರೆ ಮನುಷ್ಯನ ಕೈ ನಡುಗ್ತದೆ ಅವ್ವ. ಒಂದು ಸರಪಳಿ ಸಡಿಲ ಬಿಟ್ರೆ ಸಾಕು, ಮೇಲೇಳುವಾಗ ಸಾಮಾನು ಹಿಂದಕ್ಕೆ ಜಾರ್ತದೆ. ಬಾಲ ಭಾರ ಆದ್ರೆ ಒಬ್ರೂ ಉಳಿಯಲ್ಲ. ಅಲ್ಲಿ ಆಸ್ಪತ್ರೇಲಿ ದೀಪ ಇಲ್ದೆ ಮಲ್ಗಿರೋರೂ ಉಳಿಯಲ್ಲ."

ನಾನು ಒಂದು ವರ್ಷ ರಾಹುಲನನ್ನು ಶಪಿಸಿದ್ದೆ. ಬೆಳಗ್ಗೆ ಎದ್ದರೆ ಅವನಿಗೆ ಒಂದು ಶಾಪ, ಮಲಗುವಾಗ ಒಂದು. ನನ್ನ ಮಗನನ್ನು ಯಾರೋ ಹಿಡಿದಿಟ್ಟಿದ್ದಾರೆ, ಬಿಟ್ಟರೆ ಓಡಿ ಬರುತ್ತಾನೆ ಎಂದು ನಂಬಿದ್ದೆ. ಹಿಡಿದವರು ಯಾರೂ ಇರಲಿಲ್ಲ. ಅವನೇ ಅಲ್ಲಿ ನಿಂತಿದ್ದ, ತನ್ನ ಕಾಲಮೇಲೆ, ತನ್ನ ಇಷ್ಟದಿಂದ. ಅವನು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಅದಕ್ಕೇ ನನ್ನ ಕೋಪ ಇನ್ನೂ ಏರಿತು. ಸುಳ್ಳಾಡಿದ್ದರೆ ಕೆನ್ನೆಗೆ ಹೊಡೆಯಬಹುದಿತ್ತು.

"ನೀನು ಮನೆಗೋಗು ಅವ್ವ, ಹೊತ್ತಾಯ್ತದೆ" ಎಂದ. "ಪುನೀತನ ಕೈಲಿ ಹಾಕ್ಸು. ಮಣ್ಣೂ ಅವನೇ ತಾನೆ ಹಾಕಿದ್ದು."

"ನಿಮ್ಮಪ್ಪನ್ನ ದಾನ ಕೊಡ್ತಾ ಇದ್ದೀಯಾ?"

"ಅವ್ವಾ..."

"ಹೋಗು. ಹೋಗಿ ಸರಪಳಿ ಬಿಗಿ. ಸರಿಯಾಗಿ ಬಿಗಿ."

ಅವನು ಬಗ್ಗಿ ನನ್ನ ಕಾಲು ಮುಟ್ಟಲು ಬಂದ. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ. ಎಲೆಗೆ ಕೈ ಮುಗಿದು ಓಡಿದ. ಓಡುವಾಗ ಹಿಂದಿನಿಂದ ಥೇಟು ಅವರಪ್ಪನೇ, ಅದೇ ಗೂನು ಹೆಗಲು. ಅದನ್ನು ನೋಡಿಯೂ ನನ್ನ ಮನಸ್ಸು ಕರಗಲಿಲ್ಲ. ಎಲೆ ಮಡಚಿ ಬುಟ್ಟಿಗೆ ಹಾಕಿದೆ. ಸುನಿಲ್ ಕ್ಯಾರಿಯರು ಎತ್ತಿಕೊಂಡ. ಹೇಳದೆಯೇ ಆಟೋ ಮನೆಯ ಕಡೆ ತಿರುಗಿಸಿದ, ಪುಣ್ಯಾತ್ಮ.

ಮನೆ ಮುಟ್ಟುವಾಗ ಹೊತ್ತು ಕಂತುತ್ತಿತ್ತು. ನಾನು ಒಬ್ಬಳೇ ಇಳಿದದ್ದನ್ನು ಕಂಡು ಸಣ್ಣಯ್ಯ, "ನಾನು ಹೇಳ್ಲಿಲ್ವಾ? ಬಾ ಪುನೀತಾ" ಎಂದ. ನಾನು ಅವನನ್ನು ದಾಟಿ ನಡುಮನೆಗೆ ಹೋದೆ. ಎಲೆ ಹಾಸಿದೆ, ಬಡಿಸಿದೆ, ಪಂಚೆ ಇಟ್ಟೆ. ಪುನೀತ್ ಬಂದು ಪಕ್ಕದಲ್ಲಿ ನಿಂತ.

"ನೀನು ಆಚೆ ನಿಂತ್ಕೋ ಮಗ" ಎಂದೆ. "ನಾನು ಹಾಕ್ತೀನಿ."

ಸಣ್ಣಯ್ಯನ ಬಾಯಿಂದ ಎಲೆ ಅಡಿಕೆ ಬೀಳುವುದೊಂದು ಬಾಕಿ. "ಅತ್ತಿಗ್ಯವ್ವ, ತಲೆ ನೆಟ್ಗದೆಯಾ? ಹೆಂಗ್ಸು ಧೂಪ ಹಾಕೋದಾ? ಅದೂ ಗಂಡಂಗೆ? ಯಾವ್ ಊರಲ್ಲಿ ನೋಡಿದ್ದೀರಿ?"

"ಈ ಊರಲ್ಲಿ. ಈಗ ನೋಡು."

"ಅವನು ಬರ್ಲಿಲ್ಲ ಅಂತ ನಮ್ ಮ್ಯಾಲೆ ಸಿಟ್ಟಾ?"

"ಅವನ ಮೇಲೂ ಸಿಟ್ಟು, ನಿನ್ ಮೇಲೂ ಸಿಟ್ಟು. ಅವನು ಬರಲ್ಲ ಅಂತ ಹೇಳ್ದ. ನೀನು, ಅವನು ಬರ್ದೇ ಇರ್ಲಿ ಅಂತ ಬೆಳಗಿಂದ ಹರಕೆ ಹೊತ್ಕೊಂಡು ಕೂತಿದ್ದೀಯ."

ಸಣ್ಣಯ್ಯ ಸುಚಿತ್ರಾಳ ಕಡೆ ತಿರುಗಿ, "ನೀನಾದ್ರೂ ಹೇಳವ್ವ ನಿಮ್ಮತ್ತೆಗೆ" ಎಂದ. ಅವಳು ಒಲೆಯಿಂದ ಕೆಂಪಗೆ ಉರಿಯುವ ಕೆಂಡವನ್ನು ಇಕ್ಕಳದಲ್ಲಿ ಹಿಡಿದು ತಂದು ನನ್ನ ಬಟ್ಟಲಿಗೆ ಹಾಕಿದಳು. "ಅತ್ತೆ, ಸೆರಗು ಜೋಪಾನ" ಎಂದಳು, ಅಷ್ಟೇ.

ಸಾಂಬ್ರಾಣಿ ಹಾಕಿದೆ. ಹೊಗೆ ಎದ್ದಿತು. ಹೆಸರು ಹಿಡಿದು ಕರೆಯಬೇಕು. ಬದುಕಿದ್ದಾಗ ಒಂದು ದಿನವೂ ಅವರ ಹೆಸರು ನನ್ನ ಬಾಯಿಂದ ಬಂದಿರಲಿಲ್ಲ. ಕೋಪ ಇಲ್ಲದಿದ್ದರೆ ಅವತ್ತೂ ಬರುತ್ತಿರಲಿಲ್ಲ. "ಹುಚ್ಚಯ್ಯ, ಬಾ. ಉಣ್ಣು. ಹಿರಿಯರ ಜೊತೆ ಸೇರ್ಕೋ" ಎಂದು ಜೋರಾಗಿಯೇ ಕರೆದೆ. ಬೀದಿಗೆ ಕೇಳಿಸಿರಬೇಕು.

ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತೆವು. ಸಣ್ಣಯ್ಯ ಗೊಣಗಿದ, "ಹೆಂಗಸಿನ ಕೈ ಧೂಪಕ್ಕೆ ನಮ್ಮಣ್ಣ ಬರ್ತಾನಾ?"

"ಇಷ್ಟು ವರ್ಸ ಈ ಕೈಯ ಮುದ್ದೆ ತಿಂದೋರು. ಧೂಪಕ್ಕೆ ಬರಲ್ಲ ಅಂತಾರಾ?"

ಪುನೀತ್ ಕಿಸಕ್ಕೆಂದ. ಅಪ್ಪ ಅವನ ತಲೆಗೆ ಮೊಟಕಿದ.

ಬಾಗಿಲು ತೆಗೆದು ಊಟಕ್ಕೆ ಎಲೆ ಹಾಕಿಸಿದೆ. ಹಿರಿಯ ಮಗನ ಎಲೆ ಮೊದಲನೆಯದು. ಅದರ ಮುಂದೆ ಸುನಿಲನನ್ನು ಕೂರಿಸಿದೆ. ಅವನು ಬೇಡ ಬೇಡ ಎಂದ. "ಕೂತ್ಕೋ, ನೀನು ಕರೆದಾಗ ಬಂದೋನು" ಎಂದೆ. ಸಣ್ಣಯ್ಯ ಎದ್ದು ಹೋಗುತ್ತಾನೆ ಎಂದುಕೊಂಡಿದ್ದೆ. ಕುರಿ ಸಾರಿನ ವಾಸನೆ ಅವನನ್ನು ಬಿಡಲಿಲ್ಲ. ಮುಖ ಗೋಡೆಯ ಕಡೆ ತಿರುಗಿಸಿಕೊಂಡೇ ಎರಡು ಮುದ್ದೆ ಉಂಡ.

ಪಾತ್ರೆ ತೊಳೆಯುವ ಹೊತ್ತಿಗೆ ಫೋನು ಬಂತು. ಯೋಗೇಂದ್ರ.

"ಇಳಿದ್ಬುಟ್ಟೊ ಅವ್ವ. ಜನರೇಟರ್ ಸುರು ಆಯ್ತು. ದೀಪ ಬಂತು ಅಂತ ಜನ ಕುಣೀತಾವ್ರೆ ಇಲ್ಲಿ."

"ಒಳ್ಳೇದಾಯ್ತು."

"ಅಪ್ಪಂಗೆ... ಪುನೀತ ಹಾಕಿದ್ನಾ?"

"ಇಲ್ಲ. ನಾನು."

ಅವನ ಹಿಂದೆ ಯಾವ್ಯಾವುದೋ ಭಾಷೆಯ ಕೇಕೆ, ನಗು.

"ನೀನಾ? ಅವ್ವಾ, ನೀನು ಎಂಗೆ..."

"ಕೆಂಡ ಇತ್ತು, ಸಾಂಬ್ರಾಣಿ ಇತ್ತು, ಹಾಕ್ದೆ. ಬರೋ ವರ್ಸಾನೂ ನಾನೇ. ನಾನಿಲ್ದೆ ಇದ್ರೆ ಸುಚಿತ್ರಾ."

"ಮತ್ತೆ ನಾನು?"

"ರಜ ಸಿಕ್ಕಿದ್ರೆ ಊಟಕ್ಕೆ ಬಾ. ಕಾಯಲ್ಲ."

ಯಾರೋ ಅವನನ್ನು ಹೆಸರು ಹಿಡಿದು ಕೂಗಿದರು, ವಾಪಸು ಕರೆತರಬೇಕಾದ ಕಾಯಿಲೆಯವರು ಬಂದಿದ್ದರೇನೋ. "ಅವ್ವ, ಒಂದು ನಿಮಿಷ, ಇಡಬ್ಯಾಡ" ಎಂದ.

ನಾನು ಇಟ್ಟೆ.